ನಗದು ಆ್ಯಪಿಗೆ, ಉದ್ರಿ ಅಂಗಡಿಗೆ

ಆನ್‌ಲೈನ್ ಶಾಪಿಂಗಿನಿಂದ ಸಣ್ಣ ಅಂಗಡಿಗಳು ಸಾಯ್ತಾ ಇವೆ ಅಂತ ಯಾರಾದರೂ ಬರೆದರೆ ನಮ್ಮಂಥ ಐಟಿಯವರ ಉತ್ತರ ರೆಡಿ ಇರುತ್ತೆ: ‘ಇದು ಕಾಂಪಿಟೀಶನ್ ಕಣ್ರೀ. ಕಮ್ಮಿ ಬೆಲೆಗೆ ಒಳ್ಳೇ ಸರ್ವಿಸ್ ಕೊಡೋರು ಉಳೀತಾರೆ.’ ಕೇಳೋಕೆ ಸರಿಯಾಗೇ ಇದೆ. ಆದರೆ ಈ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ. ಅದು ಉದ್ರಿ.

ನನ್ನೂರು ತೋಡೂರು, ಕಾರವಾರ-ಅಂಕೋಲಾ ನಡುವೆ. ಸೀಬರ್ಡ್ ನೌಕಾನೆಲೆಗಾಗಿ ಮನೆ ಬಿಟ್ಟವರ ಕಾಲೋನಿ ಇರುವ ಊರು. ಇಲ್ಲಿನ ಕಿರಾಣಿ ಅಂಗಡಿಗೆ ಎರಡು ಥರದ ಗಿರಾಕಿಗಳು. ನೌಕಾನೆಲೆ, ಕೈಗಾ, ಸರ್ಕಾರಿ ಕಚೇರಿ ಅಂತ ತಿಂಗಳ ಸಂಬಳ ಎಣಿಸುವವರು ಒಂದು ಕಡೆ. ಮೀನುಗಾರಿಕೆ, ಕೂಲಿ ನಂಬಿದವರು ಇನ್ನೊಂದು ಕಡೆ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಬೋಟಿನ ಕೆಲಸದವರ ಮನೆಗೆ ಆಗ ಅಕ್ಕಿ, ಎಣ್ಣೆ, ಚಾಪುಡಿ ಬರುವುದು ಉದ್ರಿ ಪುಸ್ತಕದಲ್ಲಿ ಬರೆಸಿ. ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ ಸ್ವಲ್ಪ ಸ್ವಲ್ಪ ತೀರಿಸುವುದು. ಬಡ್ಡಿ ಇಲ್ಲ, ಅರ್ಜಿ ಇಲ್ಲ. ‘ಬರ್ಕೊಳ್ಳಿ’ ಅಂದರೆ ಮುಗೀತು.

ಅಂಗಡಿಯವನಿಗೆ ಈ ದುಡ್ಡು ಎಲ್ಲಿಂದ ಬರುತ್ತೆ? ಹೋಲ್‌ಸೇಲಿನವರು ಅವನಿಗೆ ಆಗಸ್ಟಿನವರೆಗೆ ಕಾಯೋದಿಲ್ಲ. ಸಂಬಳದವರು ನಗದು ಕೊಟ್ಟು ಒಯ್ಯುವ ಸಾಬೂನು, ಶಾಂಪೂ, ಬಿಸ್ಕತ್ತಿನ ಲಾಭವೇ ಅವನ ಕೈಯಲ್ಲಿ ತಿರುಗುವ ದುಡ್ಡು. ಒಬ್ಬರ ನಗದು ಇನ್ನೊಬ್ಬರ ಉದ್ರಿಯನ್ನು ಹೊರುತ್ತಿತ್ತು. ಇದನ್ನು ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ, ಹಾಗೇ ನಡೆದುಬಂದದ್ದು.

2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತಾ ಶುರುವಾದ ಫ್ಲಿಪ್‌ಕಾರ್ಟ್, 2013ರಲ್ಲಿ ಬಂದ ಅಮೆಜಾನ್, 2016ರ ಯುಪಿಐ, ಒಂದೊಂದು ಹೆಜ್ಜೆಗೂ ಆನ್‌ಲೈನ್ ಮಾರುಕಟ್ಟೆ ಹಳ್ಳಿಯ ಪಿನ್‌ಕೋಡಿಗೆ ಹತ್ತಿರವಾಯಿತು. ಅದು ಮೊದಲು ಎಳೆದುಕೊಂಡದ್ದು ಯಾರನ್ನು? ನಗದಿನ ಗಿರಾಕಿಯನ್ನು. ಅಂಗಡಿಗೆ ಉಳಿದದ್ದು ಉದ್ರಿಯ ಗಿರಾಕಿ. ‘ಆ್ಯಪ್‌ನಲ್ಲೂ ಪೇ ಲೇಟರ್ ಇದೆಯಲ್ಲ’ ಅನ್ನಬಹುದು. ಇದೆ, ಆದರೆ ಕೇವೈಸಿ, ಸಾಲದ ಇತಿಹಾಸ ನೋಡಿ ಕೊಡುವ ಸಾಲ ಅದು. ಬೋಟಿನ ಕೂಲಿಯವನ ಇತಿಹಾಸ ಇರುವುದು ಅಂಗಡಿಯ ಆ ಎಣ್ಣೆಜಿಡ್ಡಿನ ಪುಸ್ತಕದಲ್ಲಿ ಮಾತ್ರ. ಸಾಫ್ಟ್‌ವೇರಿನವನಾಗಿ ಹೇಳ್ತೇನೆ, ಅದೂ ಡೇಟಾವೇ. ನಮ್ಮ ಯಾವ ಸಿಸ್ಟಮ್ಮೂ ಅದನ್ನು ಓದೋದಿಲ್ಲ.

ಹಾಗಂತ ಅಂಗಡಿಯೇನೂ ದೇವಸ್ಥಾನ ಅಲ್ಲ ಮಾರಾಯ್ರೆ. ಎಂಆರ್‌ಪಿಗಿಂತ ಒಂದು ರೂಪಾಯಿ ಇಳಿಯೋದಿಲ್ಲ, ತಾರೀಖು ಮುಗಿದ ಪ್ಯಾಕೆಟ್ಟೂ ಒಮ್ಮೊಮ್ಮೆ ಕೈಗೆ ಬರುತ್ತೆ. ಪೇಪರಿನಲ್ಲಿ ಸುತ್ತಿದ ಪ್ಯಾಡು ಕೇಳಲು ಗಂಡಸರ ಗುಂಪು ಕರಗುವವರೆಗೆ ಕಾಯುತ್ತಿದ್ದ ಹುಡುಗಿಗೆ ಆನ್‌ಲೈನ್ ದೊಡ್ಡ ಬಿಡುಗಡೆ. ಪುಸ್ತಕದಲ್ಲಿ ಹೆಸರಿರುವವರು ರೇಟು ಪ್ರಶ್ನಿಸುವ ಹಾಗೂ ಇಲ್ಲ. ಇದನ್ನೆಲ್ಲ ಮುಚ್ಚಿಟ್ಟು ‘ಅಂಗಡಿ ಉಳಿಸಿ’ ಅನ್ನೋದು ಬರೀ ಭಾವುಕತೆ.

ಸರ್ಕಾರದ ಕಡೆಯಿಂದ ಏನೂ ಆಗಿಲ್ಲ ಅಂತಲ್ಲ. ವಿದೇಶಿ ಬಂಡವಾಳದ ಆನ್‌ಲೈನ್ ಮಾರುಕಟ್ಟೆಗಳು ತಮ್ಮದೇ ಪಾಲಿರುವ ಕಂಪನಿಗಳ ಸರಕನ್ನು ಅಲ್ಲಿ ಮಾರಿಸಬಾರದು ಎಂಬ ನಿಯಮ 2019ರ ಫೆಬ್ರವರಿ 1ರಿಂದ ಜಾರಿಯಲ್ಲಿದೆ. ಆಯ್ದ ಮಾರಾಟಗಾರರಿಗೆ ಒಲವು, ಭಾರೀ ಡಿಸ್ಕೌಂಟು ಎಂಬ ದೂರುಗಳ ಮೇಲೆ ಸ್ಪರ್ಧಾ ಆಯೋಗ 2020ರಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶಿಸಿತು. ಸಣ್ಣ ಅಂಗಡಿಗೂ ಆನ್‌ಲೈನಿನಲ್ಲಿ ಜಾಗ ಸಿಗಲಿ ಅಂತ ಓಎನ್‌ಡಿಸಿ ಬಂತು. ಇವೆಲ್ಲ ಬೇಕಾದವೇ. ಆದರೆ ಇವು ನೋಡುವುದು ಮಾರುವವರ ನಡುವಿನ ನ್ಯಾಯವನ್ನು. ಜೂನ್ ತಿಂಗಳಲ್ಲಿ ಅಕ್ಕಿ ಬರೆಸಿಕೊಳ್ಳುವವನು ಇವುಗಳಲ್ಲಿ ಯಾವುದರ ಲೆಕ್ಕದಲ್ಲೂ ಇಲ್ಲ.

ಅಂಗಡಿ ಮುಚ್ಚಿದರೆ ಅವನು ಹೋಗೋದು ವಾರದ ಕಂತಿನ ಫೈನಾನ್ಸಿನವರ ಹತ್ತಿರ. ಬಡ್ಡಿ ಅಲ್ಲಿಂದ ಶುರು. ನಮ್ಮ ಡಿಸ್ಕೌಂಟಿನ ಒಂದು ಪಾಲನ್ನು ಕಟ್ಟುತ್ತಿರುವವನು, ಆ್ಯಪ್ ತೆರೆದೇ ನೋಡದ ಅವನು.

ಮೊಬೈಲು, ಪುಸ್ತಕ, ಊರಿನಲ್ಲಿ ಸಿಗದ್ದು ಏನಿದೆಯೋ ಆನ್‌ಲೈನಿನಲ್ಲೇ ತರಿಸಿ, ಅಡ್ಡಿಲ್ಲ. ಆದರೆ ಬೆಂಗಳೂರಿನಲ್ಲಿ ಕೂತು ಊರಿನ ಅಪ್ಪ-ಅಮ್ಮನಿಗೆ ಆ್ಯಪ್‌ನಿಂದ ಎಣ್ಣೆ, ಸಾಬೂನು ಕಳಿಸುವ ಬದಲು ಅದೇ ದುಡ್ಡನ್ನು ಊರಿನ ಅಂಗಡಿಗೆ ಯುಪಿಐ ಮಾಡಿ. ಮಳೆಗಾಲಕ್ಕೆ ಮೊದಲೇ ಮಾಡಿದರೆ ಇನ್ನೂ ಒಳ್ಳೇದು.