ಕಿಲ್ಪೆಕ್ ಚರ್ಚನ್ನು ನೋಡುವ ಬಗೆ

ಇಂಗ್ಲೆಂಡಿನ ಹೆರಿಫರ್ಡ್‌ಶೈರಿನಲ್ಲಿ, ವೇಲ್ಸ್ ಗಡಿಗೆ ಹತ್ತಿರ, ಕಿಲ್ಪೆಕ್ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿನ ಸಂತ ಮೇರಿ ಮತ್ತು ಸಂತ ಡೇವಿಡ್ ಚರ್ಚು ಸುಮಾರು 1140ರಲ್ಲಿ ಕಟ್ಟಿದ್ದು. ಡೇವಿಡ್ ವೇಲ್ಸ್‌ನವರ ಸಂತ. ಗಡಿನಾಡಿನ ಬೆರಕೆ ಬದುಕು ಚರ್ಚಿನ ಹೆಸರಿನಲ್ಲೇ ಉಳಿದಿದೆ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಕಾಲದಲ್ಲಿ ಊರು ವಿಲಿಯಂ ಫಿಟ್ಜ್ ನಾರ್ಮನ್ ಎಂಬ ಸರದಾರನ ಕೈಸೇರಿತು. ಚರ್ಚನ್ನು ಕಟ್ಟಿಸಿದವನು ಅವನ ಮಗ ಹ್ಯೂ ಎನ್ನುತ್ತಾರೆ. ಪಕ್ಕದಲ್ಲಿದ್ದ ಕೋಟೆ ಪಾಳುಬಿದ್ದು ಈಗ ದಿಬ್ಬವಾಗಿದೆ.

ಕಟ್ಟಡದ ವಿನ್ಯಾಸ ಸರಳ. ಪಶ್ಚಿಮದಿಂದ ಪೂರ್ವಕ್ಕೆ ಮೂರು ಭಾಗಗಳು: ಊರಜನ ಸೇರುವ ನೇವ್, ಪಾದ್ರಿ ಪೂಜೆ ನಡೆಸುವ ಚಾನ್ಸೆಲ್, ಕೊನೆಯಲ್ಲಿ ಅರ್ಧವೃತ್ತದ ಏಪ್ಸ್. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ಒಳಗೆ ಹೋಗುವ ಮೊದಲು ಹೊರಗೋಡೆಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಬೇಕು. ಈ ಚರ್ಚಿನ ಅರ್ಧ ಜೀವ ಹೊರಗೇ ಇದೆ.

ತಲೆಯೆತ್ತಿದರೆ ಸೂರಿನ ಕೆಳಗೆ ಸಾಲಾಗಿ ಚಾಚಿದ ಕೆತ್ತನೆಯ ಕಲ್ಲುಗಳು. ಇವುಗಳಲ್ಲಿ 85 ಉಳಿದಿವೆ. ಅಕ್ಕಪಕ್ಕ ಕೂತ ಬೇಟೆನಾಯಿ ಮತ್ತು ಮೊಲ, ತಂತಿವಾದ್ಯ ನುಡಿಸುವವ, ಶಿಲುಬೆ ಹೊತ್ತ ಕುರಿಮರಿ, ವಿಕಾರ ಮುಖಗಳು, ತನ್ನ ಯೋನಿಯನ್ನು ಎರಡೂ ಕೈಗಳಿಂದ ತೆರೆದು ತೋರುವ ‘ಶೀಲಾ ನ ಗಿಗ್’. ಈ ಕೊನೆಯದನ್ನು ಕಾಮದ ವಿರುದ್ಧದ ಎಚ್ಚರಿಕೆ ಎಂದವರಿದ್ದಾರೆ, ಫಲವಂತಿಕೆಯ ಗುರುತು ಎಂದವರೂ ಇದ್ದಾರೆ, ವಾದ ಬಗೆಹರಿದಿಲ್ಲ. ಪ್ರತಿ ಕಲ್ಲಿಗೂ ಧರ್ಮಬೋಧೆಯನ್ನು ಹಚ್ಚುವ ಆತುರ ಬೇಡ. ಮೊದಲು ಸವಿಯಬೇಕಾದದ್ದು ಕೆತ್ತಿದವನ ಕೈಚಳಕವನ್ನು, ಅವನ ಸಲಿಗೆಯನ್ನು. ಆ ಬೇಟೆನಾಯಿಯ ಜೋತ ಕಿವಿಗಳನ್ನು ನೋಡಿದವರು ಮರೆಯುವುದಿಲ್ಲ.

ದಕ್ಷಿಣದ ಬಾಗಿಲಿಗೆ ಧಾರಾಳವಾಗಿ ಸಮಯ ಕೊಡಬೇಕು. ಬಾಗಿಲ ಮೇಲಿನ ಅರ್ಧಚಂದ್ರಾಕಾರದ ಕಲ್ಲಿನಲ್ಲಿ ಜೀವವೃಕ್ಷ, ಅದರಲ್ಲಿ ದ್ರಾಕ್ಷಿಗೊಂಚಲು. ಕಮಾನಿನ ಸುತ್ತ ಮೃಗಪಕ್ಷಿಗಳ ತಲೆಗಳು, ಡ್ರ್ಯಾಗನ್‌ಗಳು. ಎಡಗಂಬದ ಬಳ್ಳಿಗಳ ನಡುವೆ ಯೋಧರು ಸಿಲುಕಿದ್ದಾರೆ. ಪಶ್ಚಿಮದ ಗೋಡೆಯಿಂದ ಬಾಯ್ತೆರೆದು ಹೊರಚಾಚಿದ ಡ್ರ್ಯಾಗನ್ ತಲೆಗಳಲ್ಲಿ ಸ್ಕ್ಯಾಂಡಿನೇವಿಯದ ಮರಗೆತ್ತನೆಯ ನೆನಪಿದೆ. ಈ ಬಗೆಯ ಕೆಲಸ ಸುತ್ತಲಿನ ಹಲವು ಚರ್ಚುಗಳಲ್ಲೂ ಇರುವುದರಿಂದ ಇದಕ್ಕೆ ‘ಹೆರಿಫರ್ಡ್‌ಶೈರ್ ಶೈಲಿ’ ಎಂದು ಹೆಸರು. ಶಿಲ್ಪಿಗಳ ಹೆಸರು ಮಾತ್ರ ಉಳಿದಿಲ್ಲ. ಸ್ಥಳೀಯ ಕೆಂಪು ಮರಳುಗಲ್ಲು ಒಂಬತ್ತು ಶತಮಾನಗಳ ಮಳೆಗೆ ಇಷ್ಟು ಕಡಿಮೆ ಸವೆದಿರುವುದೇ ಅಚ್ಚರಿ.

ಒಳಗೆ ಚಾನ್ಸೆಲ್ ಕಮಾನಿನ ಎರಡೂ ಬದಿಯ ಕಂಬಗಳಲ್ಲಿ ಮೂರು ಮೂರು ಸಂತರು ಒಬ್ಬರ ಮೇಲೊಬ್ಬರಾಗಿ ನಿಂತಿದ್ದಾರೆ. ಹೊರಗಿನ ಗದ್ದಲ ಇಲ್ಲಿಲ್ಲ. ಪೂಜಾಸ್ಥಾನ ಹತ್ತಿರವಾದಂತೆ ಶಿಲ್ಪ ಗಂಭೀರವಾಗುತ್ತದೆ.

ಇಂಗ್ಲೆಂಡಿನ ಬಹುಪಾಲು ಹಳ್ಳಿ ಚರ್ಚುಗಳು ಕಿಲ್ಪೆಕ್‌ನಂತೆ ಒಂದೇ ಕಾಲದವಲ್ಲ, ಅವುಗಳ ಭಾಗಗಳು ಬೇರೆ ಬೇರೆ ಕಾಲದವು. ದುಂಡು ಕಮಾನು ಹೆಚ್ಚಾಗಿ ನಾರ್ಮನ್ನರದು. ಚೂಪು ಕಮಾನು ಕಂಡರೆ ಸಾಮಾನ್ಯವಾಗಿ ಆಮೇಲಿನ ಗಾಥಿಕ್ ಕಾಲದ್ದು. ಅಗಲವಾದ ದೊಡ್ಡ ಕಿಟಕಿಗಳು ಅನೇಕ ಕಡೆ 15ನೇ ಶತಮಾನದವು. 16ನೇ ಶತಮಾನದ ಧರ್ಮಸುಧಾರಣೆಯಲ್ಲಿ ಭಿತ್ತಿಚಿತ್ರಗಳ ಮೇಲೆ ಸುಣ್ಣ ಬಳಿದರು. ಕಿಲ್ಪೆಕ್‌ನಲ್ಲೂ 19ನೇ ಶತಮಾನದಲ್ಲಿ ದುರಸ್ತಿ ನಡೆದಿದೆ, ಆದರೆ 12ನೇ ಶತಮಾನದ ಮೈಕಟ್ಟು ಹೆಚ್ಚುಕಡಿಮೆ ಹಾಗೆಯೇ ಇದೆ. ಆದ್ದರಿಂದ ಹೊಸಬರು ಮೊದಲು ಇದನ್ನು ನೋಡಿ, ಬಳಿಕ ಹಲವು ಕಾಲಗಳು ಬೆರೆತ ಚರ್ಚುಗಳತ್ತ ಹೋಗುವುದು ಒಳ್ಳೆಯದು.