ವಕೀಲರಿಲ್ಲದ ವಿಚ್ಛೇದನ: ನಾದಿರಾಳ ಮಾತು ಎಲ್ಲಿದೆ?

1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮಿನ ಪ್ರಕಾರ ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ. ಗಂಡ ಹೆಂಡತಿ ತಾವೇ ಮಾತಾಡಲಿ ಅನ್ನೋದು ಆಶಯ. ಅದೇ ಹೊತ್ತಲ್ಲಿ ನಮ್ಮ ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಮತ್ತೆ ಓದಿದೆ. ನಾದಿರಾಳ ತಲಾಖ್‌ನಲ್ಲೂ ವಕೀಲರಿಲ್ಲ, ಕೋರ್ಟೂ ಇಲ್ಲ. ಆದರೆ ಅವಳ ಮಾತೂ ಇಲ್ಲ. ಅಪ್ಪನ ಹಟಕ್ಕೆ ಸಂಸಾರ ಮುರಿಯುತ್ತದೆ. ರಶೀದನನ್ನು ಮತ್ತೆ ಸೇರಬೇಕಾದರೆ ಒಂದು ರಾತ್ರಿ ಇನ್ನೊಬ್ಬನ ಹೆಂಡತಿಯಾಗಬೇಕು ಅಂತಾರೆ. ಕೊನೆಗೆ ಮಸೀದಿಯ ಕೆರೆಯೇ ಅವಳ ಉತ್ತರ. ಇದನ್ನು ಧರ್ಮದ ಪ್ರಶ್ನೆಯಾಗಿ ಮಾತ್ರ ಓದಿದರೆ ಸಾಲದು. ಅವಳ ಪರವಾಗಿ ಎಲ್ಲರೂ ಮಾತಾಡ್ತಾರೆ, ಅವಳನ್ನು ಯಾರೂ ಕೇಳಲ್ಲ. ವಕೀಲರು ಬೇಡ ಅಂದ ಮೇಲೆ ಆ ಜಾಗದಲ್ಲಿ ಅಪ್ಪನೋ ಅಣ್ಣನೋ ಬಂದು ನಿಂತರೆ, ಅದು ಅವಳ ಸ್ವಂತ ಅರ್ಜಿ ಹೇಗಾಗುತ್ತೆ?