ರೈಲು ಬಿಟ್ಟುಹೋದ ಜಲ್ಲಿ ಹಾದಿ

ಜಲ್ಲಿ ಹಾದಿಯ ಸೈಕಲ್ ಸವಾರಿ ಎಂದರೆ ಕಡಿದಾದ ಏರು, ಕೆಸರು, ಎದೆಗಾರಿಕೆ ಎಂದೇ ನಂಬಿದವರಿದ್ದಾರೆ. ಅಮೆರಿಕದ ಗ್ರೇಟ್ ಅಲೆಘೆನಿ ಪ್ಯಾಸೇಜ್ ಆ ನಂಬಿಕೆಯನ್ನು ಸುಳ್ಳು ಮಾಡುತ್ತದೆ. ಮೇರಿಲ್ಯಾಂಡಿನ ಕಂಬರ್ಲ್ಯಾಂಡಿನಿಂದ ಪಿಟ್ಸ್‌ಬರ್ಗಿನವರೆಗೆ ಸುಮಾರು 240 ಕಿಲೋಮೀಟರ್ ಉದ್ದದ, 2013ರಲ್ಲಿ ಪೂರ್ಣಗೊಂಡ ಈ ದಾರಿಯ ಬಹುಭಾಗ ಹಳೆಯ ರೈಲು ಮಾರ್ಗಗಳ ಮೇಲೆಯೇ ಇದೆ. ಉಗಿಬಂಡಿಗೆ ಕಡಿದಾದ ಏರು ಆಗದು. ಅದಕ್ಕೇ ಅಂದಿನ ಎಂಜಿನಿಯರುಗಳು ನದಿ ಕಣಿವೆಗಳನ್ನೇ ಹಿಡಿದು ಸಾಗಿದರು, ಅಡ್ಡ ಬಂದ ಬೆಟ್ಟಕ್ಕೆ ಸುರಂಗ ಕೊರೆದರು. ಹಾಗಾಗಿ ಸುಮಾರು 730 ಮೀಟರ್ ಎತ್ತರದ ನೆತ್ತಿಯನ್ನು ದಾಟುವಾಗಲೂ ನೂರು ಮೀಟರಿಗೆ ಎರಡು ಮೀಟರ್‌ನಷ್ಟೂ ಏರಬೇಕಿಲ್ಲ.

ಇಷ್ಟು ಸಲೀಸಾದರೆ ಸಾಹಸವೆಲ್ಲಿ ಎಂಬ ಆಕ್ಷೇಪ ಸಹಜ. ಆದರೆ ಏದುಸಿರು ಬಿಡುವ ಸವಾರನ ಕಣ್ಣು ಮುಂದಿನ ಚಕ್ರವನ್ನು ಬಿಟ್ಟು ಕದಲುವುದಿಲ್ಲ. ಇಲ್ಲಿ ಓಹಾಯೊಪೈಲ್ ಊರಿನ ಬಳಿ ಬಂಡೆಗಳ ನಡುವೆ ನೊರೆಯೇಳುವ ಹೊಳೆಯನ್ನೂ ದಡದ ಕಾಡನ್ನೂ ನೋಡುತ್ತಲೇ ಪೆಡಲ್ ತುಳಿಯಬಹುದು. ಮೋಟಾರು ವಾಹನಗಳ ಭಯವೂ ಇಲ್ಲ. ಹಾಗಿದ್ದರೆ ಪೂರ್ತಿ ಡಾಂಬರು ಹಾಕಬಾರದೇ? ನಿಜ, ಮಳೆ ಬಂದರೆ ಹಾದಿಗೆ ಹಾಸಿದ ಸುಣ್ಣಕಲ್ಲಿನ ಬೂದುಬಣ್ಣದ ಪುಡಿ ನೆನೆದು ಚೈನಿಗೆಲ್ಲ ಮೆತ್ತಿಕೊಳ್ಳುತ್ತದೆ, ವೇಗವೂ ತಗ್ಗುತ್ತದೆ. ಅದು ದೋಷವಲ್ಲ. 40 ಮಿಲಿಮೀಟರ್ ಅಗಲದ ಟೈರಿಗೆ ಗಾಳಿ ಸ್ವಲ್ಪ ಕಡಿಮೆ ತುಂಬಿಸಿದರೆ ಹರಳುಗಳ ಮೇಲೆ ಹಿಡಿತ ಸಿಗುತ್ತದೆ, ಅಂಗೈಗೆ ಅದುರಾಟ ಅಷ್ಟಾಗಿ ತಟ್ಟುವುದಿಲ್ಲ. ಕಣಿವೆಗೆ ಒಪ್ಪುವುದೂ ಆ ತಗ್ಗಿದ ವೇಗವೇ. ಹೊರಡುವವರು ಒಂದನ್ನು ಗಮನಿಸಿ: ಸುಮಾರು ಒಂದು ಕಿಲೋಮೀಟರ್ ಉದ್ದದ ಬಿಗ್ ಸ್ಯಾವೇಜ್ ಸುರಂಗವನ್ನು ಚಳಿಗಾಲದಲ್ಲಿ ಮುಚ್ಚಿರುತ್ತಾರೆ.